ಹತ್ತರವರೆಗೆ

ಹೆಸರಿಟ್ಟದ್ದು ಲಿಖಿತ್ ಅಂತ. ಬರೆದಾಗಿದೆ,
ಇನ್ನು ಓದುವುದಷ್ಟೇ ಬಾಕಿ ಎಂದು ನಕ್ಕಿದ್ದರು ಇವರು,
ಬೋಟಿಗೆ ಹೋಗುವ ಮುನ್ನ ತೊಟ್ಟಿಲೊಳಗೆ ಬಾಗಿ.
ಮೂರೂವರೆ ವರ್ಷವಾಯಿತು. ಬೆಂಗ್ರೆಯ ಮರಳಿನಲ್ಲಿ
ಏಡಿಯ ತೂತುಗಳನ್ನೆಲ್ಲ ಬಲ್ಲ, ಬೆರಳಿಟ್ಟು ತೋರಿಸುತ್ತಾನೆ.
ಬಾಯಿ ಮಾತ್ರ ಮಳೆಗಾಲದ ಬೋಟಿನ ಹಾಗೆ
ದಕ್ಕೆಗೆ ಕಟ್ಟಿ ಹಾಕಿದ್ದು.

ಬಜೆ ತೇಯ್ದು ನಾಲಿಗೆಗೆ ಹಚ್ಚಿದರು ಅತ್ತೆ.
ನಾಗವೇಣಕ್ಕ ಗಂಟೆಯ ಹರಕೆ ಹೇಳಿಕೊಂಡಳು.
ಕಾರ್ಮಿನ್ ಬಾಯಿ: ನಮ್ಮ ವಾಲ್ಟರ್ ಮಾತಾಡಿದ್ದೇ ಐದಕ್ಕೆ,
ಈಗ ಬಾಯಿ ಮುಚ್ಚಿಸಲಿಕ್ಕೆ ಜನ ಬೇಕು.
ಅಂಗನವಾಡಿ ಟೀಚರ್: ಮನೆಯಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ,
ಇಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ ಕಾರ್ಟೂನು,
ಮಗು ಯಾವುದನ್ನು ಹಿಡಿಯಬೇಕು? ತುಳು ಬಿಡಿ.

ಬಿಟ್ಟೆ. ನಾಲ್ಕು ತಿಂಗಳು
ಪುಸ್ತಕದ ಕನ್ನಡದಲ್ಲಿ ಉಣ್ಣಿಸಿದೆ:
"ಊಟ ಮಾಡು ಮಗನೇ, ಇದು ಅನ್ನ."
ಅತಿಥಿಗೆ ಹೇಳಿದ ಹಾಗೆ.
ಮಲಗಿಸುವಾಗ ಮಾತೇ ಸಿಗದೆ ಸುಮ್ಮನೆ ತಟ್ಟಿದೆ.
ಮನೆಯಲ್ಲಿ ಮಾತಾಡದವರು ಆಗ ಇಬ್ಬರು.

ಓಡದಲ್ಲಿ ನದಿ ದಾಟಿ ಬಂದರಿಗೆ, ಅಲ್ಲಿಂದ ಬಸ್ಸಿನಲ್ಲಿ ಕಂಕನಾಡಿಗೆ.
ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ನೋಡಿದರು.
ಕಿವಿ ಸರಿ ಇದೆ ಎಂದಾಗ ಸಂತೋಷವೋ ದುಃಖವೋ,
ಕಾರಣವೊಂದು ಕೈಜಾರಿದ ಹಾಗೆ.

ಮಾತು ಕಲಿಸುವ ಹುಡುಗಿ ಶಮ್ನಾ, ಉಳ್ಳಾಲದವಳು.
ಅವನ ಹತ್ತಿರ ನೆಲದಲ್ಲಿ ಮಲಗಿಯೇ ಬಿಟ್ಟಳು,
ಅವನು ನೋಡುವ ಕಾರಿನ ಚಕ್ರವನ್ನು ತಾನೂ ನೋಡುತ್ತ.
ಕೇಳುವುದು ಕಡಿಮೆ ಮಾಡಿ ಅಂದಳು.
ಇದೇನು, ಅದೇನು, ಹೇಳು, ಹೇಳು ಮಗಾ—
ಪೊಲೀಸು ಠಾಣೆಯಲ್ಲವಲ್ಲ.
ಅವನು ನೋಡಿದ್ದಕ್ಕೆ ಹೆಸರು ಹೇಳಿ. ಆಮೇಲೆ ಕಾಯಿರಿ.
ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.
"ಯಾವ ಭಾಷೆಯಲ್ಲಿ?" ಅಂದೆ.
"ನಿಮಗೆ ಜಗಳ ಬರುವ ಭಾಷೆಯಲ್ಲಿ."

ಆ ರಾತ್ರಿ ತುಳುವಿನಲ್ಲಿ ಅವನಿಗೆ ಬೈದೆ, ಹೊಟ್ಟೆ ತುಂಬ.
ನಕ್ಕ.

ಒಂಜಿ, ರಡ್ಡ್, ಮೂಜಿ.
ಹತ್ತು ಎಷ್ಟು ಉದ್ದವೆಂದು ಗೊತ್ತಿರಲಿಲ್ಲ ನನಗೆ.
ದಿನಕ್ಕೆ ಎಂಟುನೂರು ಬೀಡಿ ಕಟ್ಟುವ ಕೈ
ಚಕ್ಕುಲಿ ಡಬ್ಬಿ ಹಿಡಿದು, ಮುಚ್ಚಳ ತೆಗೆಯದೆ,
ನಾಲ್, ಐನ್,
ಅವನು ಡಬ್ಬಿ ನೋಡುತ್ತಾನೆ, ನನ್ನನ್ನು ನೋಡುತ್ತಾನೆ,
ತುಟಿಯಲ್ಲೇನೋ ಕದಲಿ, ಆಜಿ—
ಅತ್ತೆ ಒಳಗಿಂದ: ಕೊಡಬಾರದಾ ಪಾಪದ್ದಕ್ಕೆ!
ಮುಗಿಯಿತು.
ಅತ್ತೆಗೂ ಎಣಿಸಲು ಹೇಳಿಕೊಟ್ಟೆ. ಅವರು ಏಳು ದಾಟುವುದಿಲ್ಲ.

ಒಂದು ಬುಧವಾರ, ಬಂದರಿನ ಕಡವಿನಲ್ಲಿ,
ನಾವು ಓಡಿ ಬರುವಷ್ಟರಲ್ಲಿ ಓಡ ಬಿಟ್ಟಿತ್ತು.
ಹತ್ತು ಮಾರು ನೀರು, ಡೀಸೆಲಿನ ಹೊಗೆ,
ಅಂಚಿನಲ್ಲಿ ಖಾಲಿ ಮೀನುಬುಟ್ಟಿಯ ಹೆಂಗಸರು.
ಅಯ್ಯೋ ಹೋಯಿತಲ್ಲಾ ಅನ್ನಬೇಕೆಂದಿದ್ದವಳು
ಯಾಕೋ ಅನ್ನಲಿಲ್ಲ. "ಓಡ" ಅಂದೆ. ಅಷ್ಟೇ.
ಏಳ್. ಎಣ್ಮ.
ಒರ್ಂಬಕ್ಕೆ ಅವನು ಕೈ ಚಾಚಿ
"ಬಾ" ಅಂದ.

ನನಗಲ್ಲ. ಓಡಕ್ಕೆ.
ನಮ್ಮಲ್ಲಿ "ಬಲ" ಅಲ್ಲವಾ ಎಂದು ಅತ್ತೆ ಆಮೇಲೆ ತಕರಾರು ತೆಗೆದರು,
ಇದು ಬ್ಯಾರಿಯದ್ದೋ, ಟೀಚರ ಕನ್ನಡದ್ದೋ,
ಯಾರ ಮನೆಯಿಂದ ಎತ್ತಿ ತಂದನೋ.
ನಾನು ಚಪ್ಪಾಳೆ ತಟ್ಟಲಿಲ್ಲ, ಇನ್ನೊಮ್ಮೆ ಹೇಳು ಅನ್ನಲಿಲ್ಲ.
ಅವನ ಒಂದಕ್ಕೆ ನಿಮ್ಮದೊಂದು ಸೇರಿಸಿ ಎಂದಿದ್ದಳು ಶಮ್ನಾ.
"ಓಡ, ಬಾ," ಎಂದೆ. ಗಂಟಲು ಸ್ವಲ್ಪ ಕೈಕೊಟ್ಟಿತು.

ಓಡ ಬರಲಿಲ್ಲ, ಎದುರು ದಡಕ್ಕೆ ಹೋಯಿತು.
ಅದಾಗಿ ಹನ್ನೆರಡು ದಿನ, ಮತ್ತೆ ಒಂದು ಶಬ್ದವಿಲ್ಲ.
ಸಮುದ್ರದ ನಡುವೆ ಸಿಗ್ನಲ್ ಸಿಕ್ಕಾಗ ಇವರು ಕೇಳುತ್ತಾರೆ,
ಏನಾದರೂ ಹೇಳಿದನಾ?
ಫೋನು ಅವನ ಬಾಯಿಯ ಹತ್ತಿರ ಹಿಡಿದು
ಇಬ್ಬರೂ, ಅಲ್ಲಿ ಅವರು, ಇಲ್ಲಿ ನಾನು,
ಎಣಿಸುತ್ತೇವೆ.