ಹತ್ತು ಮೀಟರಿನ ತಪ್ಪು

ವಾರವಿಡೀ ನನ್ನದು ವಿಳಾಸ ಹುಡುಕುವ ಕೆಲಸ.
ಬೊಂದೇಲಿನಿಂದ ವಾಮಂಜೂರಿನವರೆಗೆ
ಬೆನ್ನಿಗೆ ನೀಲಿ ಚೀಲ, ಕಿಸೆಯಲ್ಲಿ ಕಾದ ಫೋನು.
‘ದೈವಸ್ಥಾನ ದಾಟಿ ಎಡಕ್ಕೆ,
ನಾಯಿ ಬೊಗಳುವ ಗೇಟಿನ ಪಕ್ಕ’
ಎಂದವರ ಮನೆಯೂ ಸಿಕ್ಕಿದೆ,
ನಾಯಿ ಸತ್ತು ವರ್ಷವಾದ ಮೇಲೂ.

ಈ ಭಾನುವಾರಕ್ಕೆ ಮಾತ್ರ
ಬಾಗಿಲೇ ಇಲ್ಲದ ವಿಳಾಸ:
ಉತ್ತರಕ್ಕೆ ಹನ್ನೆರಡು ಡಿಗ್ರಿ ಐವತ್ತೈದು ಮಿನಿಟು,
ಪೂರ್ವಕ್ಕೆ ಎಪ್ಪತ್ತನಾಲ್ಕು, ಐವತ್ತಮೂರು,
ಆಮೇಲೆ ಒಂದು ಚುಕ್ಕಿ, ಚುಕ್ಕಿಯಾಚೆ ಮೂರಂಕಿ.
ಪಿಲಿಕುಳದ ಕಾಡಲ್ಲಿ ಯಾರೋ ಬಚ್ಚಿಟ್ಟ ಡಬ್ಬಿ.
ಸಿಕ್ಕಿದರೆ ಸಹಿ ಹಾಕಬೇಕಾದವರು
ಈ ಸಲ ನಾವು.

ಶನಿವಾರ ರಾತ್ರಿ. ಊಟದ ಮೇಜು ಒರೆಸಿ
ಮೋಕ್ಷಿತಾ ಹಳೆ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆಯುತ್ತಾಳೆ.
ಕೆರೆಗೆ ನೀಲಿ, ದಾರಿಗೆ ಕೆಂಪು.
ಹುಲಿಯ ಕೆರೆ ಎಂದು ಹೆಸರೇ ಹೇಳುತ್ತದಲ್ಲ,
ಅದಕ್ಕೆ ದಂಡೆಯಲ್ಲೊಂದು ಹುಲಿ.
ವೇಷದ ಹುಲಿ, ಚಡ್ಡಿ ಹಾಕಿದ್ದು.
ಪಕ್ಕದ ಮನೆಯ ಸಫ್ವಾನ್ ಲೆಕ್ಕದವನು:
‘ಗೇಟಿನಿಂದ ಸಾವಿರದ ಇನ್ನೂರು ಮೀಟರು,
ನನ್ನ ಹೆಜ್ಜೆಯಲ್ಲಿ ಎರಡು ಸಾವಿರ,
ಮಾಮ, ನಿಮ್ಮದರಲ್ಲಿ ಗೊತ್ತಿಲ್ಲ.’

ಸುಳಿವು ಇರುವುದು ಒಂದೇ ಸಾಲು:
‘ಧೂಪದ ಮರ. ಬೇರಿನ ಮಡಿಲು. ಮುರಕಲ್ಲು ಎತ್ತಿ ನೋಡಿ.’
ಧೂಪ ಯಾವುದೆಂದು ಮೇಜಿನಲ್ಲಿ ಯಾರಿಗೂ ತಿಳಿಯದು.
ವಾರಿಜ ಅಡುಗೆಮನೆಯಿಂದಲೇ,
‘ಗಾಯ ಮಾಡಿದರೆ ಪರಿಮಳ ಬರುವ ಮರ.
ಹಾಗಂತ ಗಾಯ ಮಾಡಬೇಡಿ.’

ಎರಡು ಬಾಟಲಿ ನೀರು. ಬಾಳೆಲೆಯಲ್ಲಿ ಬಜಿಲು.
ಪೆನ್ಸಿಲೇ ಬೇಕು, ಈ ಊರಿನ ಪಸೆಗೆ ಶಾಯಿ ನಿಲ್ಲದು.
ಕಲ್ಲೆತ್ತುವ ಮೊದಲು ಕೋಲಿನಿಂದ ತಟ್ಟಬೇಕು,
ಅಡಿಯಲ್ಲಿ ಚೇಳಿಗೂ
ಮನೆ ನಂಬರು ಇದ್ದೀತು.
ಡಬ್ಬಿಯಿಂದ ಏನಾದರೂ ತೆಗೆದರೆ
ಅಷ್ಟೇ ಬೆಲೆಯದನ್ನು ಇಡಬೇಕಂತೆ.
ಬೆಲೆಯ ಜಗಳ ಹತ್ತು ಗಂಟೆಯವರೆಗೆ:
ಸಫ್ವಾನನ ಗೋಲಿ,
ಅವನ ಚಿಕ್ಕಪ್ಪ ಶಾರ್ಜಾದಿಂದ ತಂದ ಉಗುರು ಕತ್ತರಿ,
ಮೊನ್ನೆ ಉದುರಿದ ಮೋಕ್ಷಿತಾಳ ಹಲ್ಲು.
‘ಹಲ್ಲಿನ ಬದಲಿಗೆ ಏನು ತೆಗೆಯುತ್ತೀ?’
‘ಏನೂ ಬೇಡ. ಅದು ಅಲ್ಲಿರಲಿ, ಅಷ್ಟೆ.’

ಫೋನಿಗೆ ಹತ್ತು ಮೀಟರಿನ ತಪ್ಪು ಇದ್ದದ್ದೇ.
ಆಕಾಶದಿಂದ ಉಪಗ್ರಹ ಕೈಹಿಡಿದು ತಂದು
ಮರಗಳ ನಡುವೆ ಬಿಟ್ಟು ಹೊರಟುಬಿಡುತ್ತದೆ,
ಮೊದಲ ದಿನ ಮಗುವನ್ನು ಶಾಲೆಯಲ್ಲಿ ಬಿಟ್ಟ ಹಾಗೆ.
ಉಳಿದ ಹತ್ತು ಮೀಟರು
ಮೊಣಕಾಲಿನದು, ತರಗೆಲೆಯದು,
ಬೈಗುಳದ್ದು.

ಮಕ್ಕಳಿಗೆ ಹೇಳದೆ ಇಟ್ಟುಕೊಂಡದ್ದು ಇಷ್ಟು:
ಆ ಡಬ್ಬಿಯನ್ನು ಕಂಡೆ ಎಂದು
ಕೊನೆಗೆ ಯಾರೋ ಬರೆದು ನಾಲ್ಕು ಮಳೆಗಾಲ ಕಳೆದಿದೆ.
ಆಮೇಲೆ ಹೋದ ಇಬ್ಬರು ‘ಇಲ್ಲ’ ಎಂದಿದ್ದಾರೆ.
ಒಬ್ಬ ಬರೀ ‘ಸೊಳ್ಳೆ’ ಎಂದು ಬರೆದಿದ್ದಾನೆ.
ಬೀಗ ಹಾಕಿದ ಮನೆಯ ಪಾರ್ಸೆಲನ್ನು
ಸಂಜೆ ವಾಪಸು ಹೊರುವಾಗ
ಅದರ ತೂಕ ಬೆಳಗಿನದಲ್ಲ. ನನಗೆ ಗೊತ್ತು.

ಎಲ್ಲರೂ ಮಲಗಿದ ಮೇಲೆ
ನನ್ನ ಹಳೆ ತಿಂಡಿ ಡಬ್ಬಿಗೆ ಪುಟ್ಟ ಪುಸ್ತಕ ಹಾಕಿ,
ಛತ್ರಿಯಡಿ ಅಡಗಿಸಲು ಚೀಲದ ಜಿಪ್ಪೆಳೆದೆ,
ಸದ್ದಾಗದಂತೆ, ಹಲ್ಲುಹಲ್ಲಾಗಿ.
ಛತ್ರಿಯಡಿ ಆಗಲೇ ಒಂದು ಡಬ್ಬಿ ಇತ್ತು.
ಉಪ್ಪಿನಕಾಯಿಯದು, ತೊಳೆದು ಒಣಗಿಸಿದ್ದು,
ಮಿಡಿಮಾವಿನ ವಾಸನೆ ಮಾತ್ರ ಬಿಟ್ಟಿಲ್ಲ.
ಒಳಗೆ ಅರ್ಧ ಹರಿದ ನೋಟ್‌ಬುಕ್ಕು,
ಮೊಂಡು ಪೆನ್ಸಿಲು, ಒಂದು ರವಕೆಯ ಗುಂಡಿ.

ಒಳಕೋಣೆಯಲ್ಲಿ ಫ್ಯಾನು ಟಕಟಕ ಅನ್ನುತ್ತಿತ್ತು.
ವಾರಿಜ ಆಚೆ ಮಗ್ಗುಲಾಗಿದ್ದಳು,
ನಿದ್ದೆಯಲ್ಲಿರುವವರಿಗಿಂತ ಹೆಚ್ಚು ಅಲುಗದೆ.
ಮುಚ್ಚಳ ಮತ್ತೆ ಬಿಗಿದೆ,
ನನ್ನದನ್ನೂ ಪಕ್ಕಕ್ಕೆ ತುರುಕಿದೆ.

ಈಗ ಜಿಪ್ಪು ಪೂರ್ತಿ ಬರುತ್ತಿಲ್ಲ.
ಎಂಟೂವರೆಗೆ ಮೂಡುಶೆಡ್ಡೆ ಬಸ್ಸು, ಚಿಲ್ಲರೆ ಎಣಿಸಿಟ್ಟಾಗಿದೆ.
ಕಾಲುದಾರಿ ತಿರುಗುವಲ್ಲಿ
ಲೇಸು ಕಟ್ಟುವ ನೆಪ ಹೇಳಿ
ನಮ್ಮಿಬ್ಬರಲ್ಲಿ ಯಾರು ಹಿಂದೆ ಉಳಿಯುವುದು,
ಅದೊಂದು ಇನ್ನೂ ತೀರ್ಮಾನವಾಗಿಲ್ಲ.