ಸಪ್ತಮಿ ವಿಭಕ್ತಿ

ಠಾಣೆಯಲ್ಲಿ ಇಳಿಯುತ್ತಿದ್ದ ನರ್ಸಮ್ಮ
ಕಿಟಕಿಯ ಸೀಟು ನಿಮಗೇ ಅಂತ ಕಣ್ಣಲ್ಲೇ ಹೇಳಿದಳು.
ಹನ್ನೊಂದು ವರ್ಷದ ಡೊಂಬಿವಲಿ ಲೋಕಲಿನಲ್ಲಿ
ಕಿಟಕಿ ಸಿಕ್ಕಿದ್ದು ಬೆರಳೆಣಿಕೆ.
ಬೇಡ, ಅಂದೆ.
ಇಡೀ ಡಬ್ಬಿ ನನ್ನತ್ತ ತಿರುಗಿತು.
ಮುಂಬಯಿಯಲ್ಲಿ ಸೀಟು ಒಲ್ಲೆನೆಂಬವಳಿಗೆ
ಹುಚ್ಚಿರಬೇಕು, ಇಲ್ಲಾ ಹರಕೆ.
"ಕಾಯ್ ಗ, ಉಪಾಸ್ ಕಾ?" ಅಂದಳು ಸುಲಕ್ಷಣಾ.
ಹೂಂ, ನಿಂತೇ ಮಾಡುವ ಉಪವಾಸ.

ನಾಲ್ಕು ತಿಂಗಳಾಗಿತ್ತು.
ಇಬ್ಬರನ್ನು ಹೆತ್ತವಳು ನಾನು, ಆಗ ಬಾಯಿಬಿಟ್ಟು ಕೂಗಿದ್ದೆ.
ಇದಕ್ಕೆ, ಬೆಳಗಿನ ಐದಕ್ಕೆ,
ಅತ್ತೆ ಏಳಬಾರದೆಂದು ಟವೆಲು ಕಚ್ಚಿದೆ.
ಬಿಳಿ ಪಿಂಗಾಣಿಯ ಮೇಲೊಂದು ಕೆಂಪು ಗೀಟು,
ನಾನು ಮಕ್ಕಳ ಪಟ್ಟಿಯಲ್ಲಿ ಎಳೆಯುವಂಥದೇ.
ಆಮೇಲೆ ಎರಡು ತಾಸು ಉರಿ,
ಮೆಣಸಿನಕಾಯಿ ಕುಟ್ಟಿ ತೊಳೆಯದೆ ಬಿಟ್ಟ ಒರಳು.

ಉಷ್ಣ, ಅಂದರು ಇವರು. ಮಜ್ಜಿಗೆ ಕುಡಿ.
ಉಂಡರೆ ತಾನೇ ಹೋಗಬೇಕು ಅಂತ
ರೊಟ್ಟಿ ಬಿಟ್ಟೆ. ಅದು ಇನ್ನಷ್ಟು ಕಲ್ಲಾಯಿತು.
ನಿಂತ ನನ್ನ ತಲೆಯ ಮೇಲೇ ಅಂಟಿಸಿದ ಚೀಟಿ:
ಮೂಲವ್ಯಾಧಿ, ಭಗಂದರ, ಗ್ಯಾರಂಟಿ, ಕಲ್ಯಾಣ ಪಶ್ಚಿಮ.
ನಂಬರು ಬಾಯಿಪಾಠವಾಯಿತು, ಹಚ್ಚಲಿಲ್ಲ.
ರಾತ್ರಿ ಮಾತ್ರ ಗದಗಿನ ದೊಡ್ಡಪ್ಪ ಬರುತ್ತಿದ್ದ.
ಅವನಿಗೂ ರಕ್ತ ಹೋಗುತ್ತಿತ್ತು.
ಯಾರಿಗೂ ಹೇಳಿರಲಿಲ್ಲ. ಧೋತರ ತಾನೇ ಒಗೆದುಕೊಳ್ಳುತ್ತಿದ್ದ.

ಏಳನೆಯ ತರಗತಿ, ಹದಿನಾಲ್ಕೇ ಮಕ್ಕಳು.
ಪ್ರಥಮಾ ಉ, ದ್ವಿತೀಯಾ ಅನ್ನು,
ಸಪ್ತಮಿ ಎಂದಾಗ ಎಲ್ಲರೂ ಒಟ್ಟಿಗೆ: ಅಲ್ಲಿ!
ಮರದಲ್ಲಿ, ಮನೆಯಲ್ಲಿ, ಮಡಕೆಯಲ್ಲಿ.
ಕುರ್ಚಿ ಖಾಲಿ. ನಾನು ಗೋಡೆಗೊರಗಿ.

ಕೊನೆಗೆ ದೊಡ್ಡಾಸ್ಪತ್ರೆಯ ಹಸಿರು ಪರದೆಯ ಹಿಂದೆ
ನನ್ನ ಮಗಳ ವಯಸ್ಸಿನ ಡಾಕ್ಟರು.
ಎಲ್ಲಿ ನೋವು?
ಅಲ್ಲಿ.
ಅಲ್ಲಿ ಅಂದರೆ ಎಲ್ಲಿ?
ಹದಿನೆಂಟು ವರ್ಷ ವ್ಯಾಕರಣ ಕಲಿಸಿದವಳ ಬಾಯಲ್ಲಿ
ನಾಮಪದವೇ ಇಲ್ಲ, ಬರೀ ಪ್ರತ್ಯಯ.
ಮರಾಠಿಯಲ್ಲೂ ಅಷ್ಟೇ: ತಿಥೆ.

ಎಡಕ್ಕೆ ಹೊರಳಿ. ಮಂಡಿ ಎದೆಗೆ.
ಬೆರಳು ಹಾಕಲ್ಲ, ನೋಡ್ತೀನಷ್ಟೇ.
ಒಂದು ಟಾರ್ಚು. ನಾನು ಗೋಡೆಯ ಕ್ಯಾಲೆಂಡರಿನ
ತಾರೀಕು ಎಣಿಸುತ್ತಿದ್ದೆ, ಒಂಬತ್ತಕ್ಕೆ ಮುಗಿಯಿತು.
"ಫಿಶರ್. ಆರು ಗಂಟೆಗೆ."
ಆರಕ್ಕೆ ನನಗೆ ಟ್ರೇನು ಇದೆ, ಅಂದೆ.
ಆಕೆ ನಕ್ಕು, ಕೇಸ್ ಪೇಪರಿನ ಬೆನ್ನಿಗೆ
ಗಡಿಯಾರದಂಥ ಸೊನ್ನೆ ಬರೆದು
ಆರರ ಜಾಗದಲ್ಲಿ ಸಣ್ಣದೊಂದು ಗೆರೆ ಹಾಕಿದಳು.
ಸೀಳು. ಇಷ್ಟೇ ಇಷ್ಟು.
ಅದಲ್ಲವಾ? ಅಂದೆ. ಯಾವುದು ಎಂದು ಹೇಳಲಿಲ್ಲ.
ಅದಲ್ಲ, ಅಂದಳು. ಇವತ್ತಿಗೆ ನೀವು ಐದನೆಯವರು.

ದೊಡ್ಡಪ್ಪನಿಗಲ್ಲ, ಆ ಐದಕ್ಕೆ ನನಗೆ ಅಳು ಬಂತು.

ಮಗನನ್ನು ಮೀಯಿಸುತ್ತಿದ್ದ ಕೆಂಪು ಟಬ್ಬು ಅಟ್ಟದಿಂದ ಇಳಿಯಿತು.
ಬಿಸಿನೀರಿನಲ್ಲಿ ಗದ್ದಕ್ಕೆ ಮಂಡಿ ತಾಗಿಸಿ ಕೂರುತ್ತೇನೆ,
ಹೊರಗೆ ಅತ್ತೆ: ಏನೇ ಅದು, ಜಪವಾ?
ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಮುಲಾಮು,
ಕಡಲೆಬೇಳೆಯಷ್ಟು, ದಿನಕ್ಕೆರಡು ಸಲ.
ರಾತ್ರಿ ಇಸಬಗೋಲು, ಗಂಟಲಿಗಂಟುವ ಅಂಬಲಿ.
ರೊಟ್ಟಿ ಮತ್ತೆ ಶುರು. ಹೆದರಿಕೆ ಮಾತ್ರ
ಇನ್ನೂ ಐದಕ್ಕೇ ಏಳುತ್ತದೆ.

ಮೊನ್ನೆ ಫೋರ್ತ್ ಸೀಟು ಸಿಕ್ಕಿತು.
ಅರ್ಧ ಒಳಗೆ, ಅರ್ಧ ಗಾಳಿಯಲ್ಲಿ,
ಮುಲುಂಡಿನಿಂದ ಭಾಂಡುಪಿನ ತನಕ ಕೂತೆ.
ಅಷ್ಟೇ ಸಾಕಾಗಿತ್ತು, ಎದ್ದೆ.

ಶಾಲೆಯಲ್ಲಿ ಹಿಂದಿನ ಬೆಂಚಿನ ಮಹಾಂತೇಶ:
ಟೀಚರ್, ನೀವ್ಯಾಕ ಕುಂದ್ರಂಗಿಲ್ಲ?
ಗಾಯ ಆಗಿದೆಯೋ.
ಎಲ್ಲಿ?
ಒಂದು ಗಳಿಗೆ ಫ್ಯಾನಿನ ಸದ್ದು.
ಕುಂಡಿಯಲ್ಲಿ, ಅಂದೆ.

ನಗು ಹೊರಸಾಲಿನ ಮರಾಠಿ ತರಗತಿಗೂ ಕೇಳಿಸಿರಬೇಕು.
ಮುಂದಿನ ಬೆಂಚಿನ ಶಶಿರೇಖಾ ನಗಲಿಲ್ಲ,
ತಲೆ ಬಗ್ಗಿಸಿ ಉದಾಹರಣೆಗಳ ಕೆಳಗೆ ಬರೆದುಕೊಂಡಳು:
ಮರದಲ್ಲಿ, ಮನೆಯಲ್ಲಿ, ಮಡಕೆಯಲ್ಲಿ, ಕುಂಡಿಯಲ್ಲಿ.

ಕೆಂಪು ಪೆನ್ನು ತೆಗೆದೆ.
ಸರಿ ಗುರುತು ಹಾಕಿದೆ.