ಋಣ ಚಿಹ್ನೆ

ಸೂರ್ ಅಂದರೆ ಇಲ್ಲಿ ಊರು, ನಮ್ಮಲ್ಲಿ ಮನೆಯ ಮಾಡು.
ಈ ಮಾತಿಗೆ ಮೊದಲ ದಿನ ನಕ್ಕವರು ಇಬ್ಬರೇ:
ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆಯ ಫಿಟ್ಟರ್ ನಾನು,
ಮತ್ತೆ, ಬಿಸಿಲಿಗೆ ಸುರುಳಿಯಾದ ಕಾಗದ ಹಿಡಿದು
ಗೇಟಿನಲ್ಲಿ ನಿಂತಿದ್ದ ರುಕ್ಮೋದ್ದೀನ್ ಮಾಸ್ತರು, ಆಳಂದದವರು.
"ನಿಮ್ಮ ಪೈಪಿನ ಬಾಯಿ ನೋಡಬೇಕಾಗಿತ್ರಿ" ಅಂದರು,
ಹಲ್ಲಿನ ಡಾಕ್ಟರು ಅಂದ ಹಾಗೆ.

ಕಡಲಿಂದ ಐದು ಕೊಡ ಎತ್ತಿದರೆ ಎರಡು ಊರಿಗೆ.
ಮೂರು ವಾಪಸ್ಸು,
ಐದರ ಉಪ್ಪೂ ಆ ಮೂರರ ತಲೆಗೇ.
ಆ ಮೂರು ಕೊಡ ಆಮೇಲೆ ಎಲ್ಲಿಗೆ ಹೋಗುತ್ತವೆ?
ಇಷ್ಟೇ ಅವರ ಪ್ರಶ್ನೆ.
ಇಪ್ಪತ್ತೊಂಬತ್ತು ವರ್ಷ,
ಮಸ್ಕತ್ತಿನ ವಿಶ್ವವಿದ್ಯಾಲಯದ ಎರಡನೇ ಮಹಡಿ,
ಗೊರಕೆ ಹೊಡೆಯುವ ಎಸಿಯ ಕೆಳಗೆ.
"ಉಪ್ಪು ತಿಂದವ ನೀರು ಕುಡೀಲೇಬೇಕು, ಖರೆ.
ಸಮುದ್ರ ಎಲ್ಲಿ ಹೋಗಿ ಕುಡೀಬೇಕ್ರಿ?"

ಬುಧವಾರ ಖಲ್ಫಾನನ ದೋಣಿ. ನಾಲ್ಕು ಕಡೆ ನಾಲ್ಕು ಬಾಟಲಿ.
ಕಡಲಿನ ಮೇಲೆ ಹದಿನೆಂಟು ಪ್ರಬಂಧ ಬರೆದ ಮನುಷ್ಯ
ದಡ ಬಿಟ್ಟು ಹತ್ತು ನಿಮಿಷಕ್ಕೆ ವಾಂತಿ ಮಾಡುತ್ತಿದ್ದರು.
ಬಾಯಿ ಒರೆಸಿಕೊಂಡು, "ಬರಕೋ," ಅನ್ನುತ್ತಿದ್ದರು,
"ಮೂರನೇ ಬಾಟಲಿ, ನಲವತ್ತೆರಡು ಬಿಂದು ಒಂದು."

ಅವರ ದೊಡ್ಡ ಪ್ರಬಂಧ ನಲವತ್ತು ಪುಟದ್ದು.
ಅದು ಬಂದ ವರ್ಷ ದೂರದೂರದಿಂದ ಪತ್ರ ಬಂದವು.
ಚಿಲಿಯಲ್ಲಿ ಯಾರೋ ಪೈಪಿನ ಮೂತಿ ತಿರುಗಿಸಿದರಂತೆ.
ಮಾಸ್ತರು ನನಗೆ ಹಲ್ವಾ ತಂದುಕೊಟ್ಟರು,
ನಾನೇ ತಿರುಗಿಸಿದ ಹಾಗೆ.

ಗಾಲಿಯಾ ಅಲ್ ಮುಖೈನಿಯಾ, ಸೂರಿನವಳೇ,
ಹಡಗು ಕಟ್ಟುವವನ ಮೊಮ್ಮಗಳು, ಎಂಎಸ್ಸಿ ಎರಡನೇ ವರ್ಷ,
ಹದಿನೇಳನೇ ಪುಟದ ಮೇಲೆ ಬೆರಳಿಟ್ಟಳು:
"ಭಾರದ ನೀರು ಇಳಿಯುತ್ತದೆ ಅಂತ ನನ್ನಜ್ಜನಿಗೂ ಗೊತ್ತು.
ನಿಮ್ಮ ಇಳಿಜಾರಿನಲ್ಲಿ ಯಾಕೆ ಹತ್ತುತ್ತಿದೆ?"

ಒಂದು ಅಡ್ಡಗೆರೆ. ಉಗುರಿಗಿಂತ ಚಿಕ್ಕದು.
ಅವಳ ಭಾಷೆಯಲ್ಲಿ ಅದು ನಾಕಿಸ್, ಕೊರತೆ.
ನಮ್ಮದರಲ್ಲಿ ಋಣ.

ಎರಡು ದಿನ ಬಾಗಿಲು ಹಾಕಿಕೊಂಡಿದ್ದರು.
ಮೂರನೇ ದಿನ ನನಗೆ ಫೋನು: "ಋಣ ಬಿಟ್ಟುಬಿಟ್ಟಿದ್ದೆನೋ,
ಆರು ವರ್ಷ, ಯಾರೂ ಕೇಳಲಿಲ್ಲ."
ನಗುತ್ತಿದ್ದರೋ ಏನೋ, ಗೆರೆ ಸರಿಯಿರಲಿಲ್ಲ.
ಆಮೇಲೆ ಒಂದು ಪುಟದ ತಿದ್ದುಪಡಿ ಅಚ್ಚಾಯಿತು.
ಮೊದಲ ಹೆಸರು ಅವಳದು.

ಈಗ ಲೆಕ್ಕ ಹಾಕುವವರು ಹೇಳುತ್ತಾರೆ:
ನಲವತ್ತು ಪುಟವನ್ನು ನೆನೆದವರು ಅರವತ್ತು ಮಂದಿ,
ಆ ಒಂದು ಪುಟವನ್ನು ಎಂಟುನೂರು ಚಿಲ್ಲರೆ.
ತಪ್ಪಿನಿಂದ ಹೆಸರಾದೆ ಅಂತ ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು,
ಹೊಸ ಚಪ್ಪಲಿ ತೋರಿಸುವ ಹುಡುಗನ ಹಾಗೆ.
ಒಳಗೆ ಏನಿತ್ತೋ. ನಾನು ಫಿಟ್ಟರ್,
ಒತ್ತಡ ಅಳೆಯಲು ನನಗೆ ಮೀಟರು ಬೇಕು.

ಅರವತ್ತೈದಕ್ಕೆ ವೀಸಾ ಮುಗಿಯಿತು.
"ಸಮೀಕರಣ ಯಾವುದಿದ್ದರೂ ಅಂಚಿನ ಷರತ್ತು ಇರತದ,
ನನ್ನದು ಪಾಸ್‌ಪೋರ್ಟಿನಾಗ ಒತ್ತ್ಯಾರ ನೋಡು."
ಆರು ರಟ್ಟಿನ ಪೆಟ್ಟಿಗೆ. ಎರಡು ಸಾಗಿಸಿದರು,
ನಾಲ್ಕು ಗಾಲಿಯಾಳ ಕೋಣೆಗೆ. ಆ ಕೋಣೆಯೂ ಅವರದೇ ಆಗಿತ್ತು.
ಎಸಿ ಬದಲಾಗಿದೆ.

ಕೊನೆಗೊಮ್ಮೆ ಕಾರ್ಖಾನೆಗೆ ಬಂದರು.
ಅವರು ಲೆಕ್ಕ ಹಾಕಿದ್ದೆಲ್ಲ ನೀರಿನಡಿ ಇತ್ತು,
ಕಂಡಿದ್ದು ಕೆಂಪು ಚಕ್ರದ ಒಂದು ವಾಲ್ವು.
ಅದನ್ನೇ ಮುಟ್ಟಿದರು, ಬಿಸಿ ಇತ್ತು, ಕೈ ಜಾಡಿಸಿದರು.

ಬುಧವಾರ ಇನ್ನೂ ದೋಣಿ ಹೋಗುತ್ತದೆ.
ಗಾಲಿಯಾಳ ಹುಡುಗರೂ ವಾಂತಿ ಮಾಡುತ್ತಾರೆ.
ಮೂರನೇ ಬಾಟಲಿ ಈಗ ಮೂವತ್ತೊಂಬತ್ತರ ಆಸುಪಾಸು,
ಖಲ್ಫಾನನ ಬಲೆಗೂನಿಗೆ ಮೀನು ಮರಳಿದೆ,
ಅದು ನಮ್ಮಿಂದಲೇ ಅಂತ ಅವನು ಒಪ್ಪುವುದಿಲ್ಲ.

ರಾತ್ರಿ ಪಾಳಿಗೆ ಹೊಸದಾಗಿ ಬಂದ ಫಿಲಿಪ್ಪೀನಿನ ಹುಡುಗ
ಗೋಡೆಯ ಪಟ್ಟಿ ಓದಿ ಕೇಳಿದ:
"ಇಲ್ಲಿ ಆಳಂದ್ ಅಂಕ ಅಂತ ಇದೆ.
ಆಳಂದ್ ಯಾವ ಕಂಪನಿ?"

ಊರು, ಅಂದೆ.
ಅವನು ವಾಲ್ವು ಒಂದೂವರೆ ಸುತ್ತು ತಿರುಗಿಸಿದ.